ರುದ್ಧ ಧಮನಿ ಮತ್ತು ಪಾರ್ಶ್ವಪ್ರವಾಹ: ಘಟಪ್ರಭೆಯ ಸೀಮೆಯಿಂದ ಒಂದು ವಿವೇಚನೆ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿನ ಬಾಗಿಲುಗಳನ್ನಿಳಿಸಿ ಘಟಪ್ರಭೆಯನ್ನು ತಡೆದ ಮಳೆಗಾಲದ ದಿನಗಳಲ್ಲಿಯೂ ಗೋಕಾಕ ತಾಲ್ಲೂಕಿನ ಧೂಪದಾಳದ ಒಡ್ಡಿಗೆ ನೀರು ಬರುವುದು, ಸಂಕೇಶ್ವರವನ್ನು ಹಾಯ್ದು ನಡುದಾರಿಯಲ್ಲಿ ಬಂದು ಕೂಡುವ ಹಿರಣ್ಯಕೇಶಿಯ ದೆಸೆಯಿಂದ. ಆ ಒಡ್ಡಿನಿಂದ ಹೊರಡುವ ಎಡದಂಡೆಯ ಕಾಲುವೆಯನ್ನು ನಂಬಿದ ಮೂಡಲಗಿಯ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮುಖ್ಯಪ್ರವಾಹವು ರುದ್ಧವಾದಾಗ ಅನ್ಯಮಾರ್ಗದಿಂದ ಪೋಷಣೆ ಒದಗುವ ಇಂತಹ ವ್ಯವಸ್ಥೆಯೊಂದು ಮನುಷ್ಯನ ಹೃದಯದಲ್ಲಿಯೂ ಉಂಟು. ವೈದ್ಯರು ‘ಕೊಲ್ಯಾಟರಲ್’ ಎಂದು ಕರೆಯುವ ಆ ಪಾರ್ಶ್ವಪ್ರವಾಹದ ಸ್ವರೂಪವನ್ನೂ ಶಕ್ತಿಯನ್ನೂ ಮಿತಿಯನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಮಸ್ತ ದೇಹಕ್ಕೆ ರಕ್ತವನ್ನು ನೂಕುವ ಹೃದಯವು ತನ್ನ ಸ್ನಾಯುವಿನ ಪೋಷಣೆಗೆ ಅವಲಂಬಿಸಿರುವುದು ಮಹಾಧಮನಿಯ ಬುಡದಲ್ಲಿ ಹುಟ್ಟುವ ಎಡ ಬಲದ ಎರಡು ಕಿರೀಟಧಮನಿಗಳನ್ನು. ಇವುಗಳ ಶಾಖೆಗಳು ಪರಸ್ಪರ ಸಂಬಂಧವುಳ್ಳವೆಂದು ಇಂಗ್ಲೆಂಡಿನ ರಿಚರ್ಡ್ ಲೋವರ್ 1669ರಲ್ಲಿಯೇ ಬರೆದಿದ್ದನು. ಆದರೆ 1881ರಲ್ಲಿ ಜರ್ಮನಿಯ ಯೂಲಿಯಸ್ ಕೋನ್‌ಹೈಮ್ ಇವನ್ನು ಅಂತ್ಯಧಮನಿಗಳೆಂದು, ಎಂದರೆ ಒಂದರ ನೆರವಿಗೆ ಇನ್ನೊಂದು ಬರಲಾರದವೆಂದು, ಪ್ರತಿಪಾದಿಸಿದ ಮೇಲೆ ಆ ಮತವೇ ಬಹುಕಾಲ ಪ್ರಮಾಣವಾಗಿ ನಿಂತಿತು. 1960ರ ದಶಕದಲ್ಲಿ ಗ್ಲಾಸ್ಗೋ ನಗರದ ವಿಲಿಯಂ ಫುಲ್ಟನ್ ಮೃತಹೃದಯಗಳ ಕ್ಷಕಿರಣಚಿತ್ರಗಳನ್ನು ತೆಗೆದು, ನಿರೋಗಿಯ ಹೃದಯದಲ್ಲಿಯೂ ಸೂಕ್ಷ್ಮವಾದ ಸೇತುನಾಳಗಳಿರುವುದನ್ನು ತೋರಿಸಿಕೊಟ್ಟರು.

ಧಮನಿಯೊಂದು ಕ್ರಮೇಣ ಸಂಕುಚಿತವಾದಾಗ ತಡೆಯಿಂದಾಚೆಗೆ ಒತ್ತಡವು ಕುಸಿಯುತ್ತದೆ. ಆ ಒತ್ತಡದ ಅಂತರವೇ ನೆರೆಯ ಧಮನಿಯ ರಕ್ತವನ್ನು ಸೇತುನಾಳಗಳೊಳಕ್ಕೆ ಸೆಳೆಯುತ್ತದೆ. ಹೆಚ್ಚಿದ ಹರಿವಿನ ಘರ್ಷಣೆಯಿಂದ ನಾಳದ ಒಳಪದರವು ಪ್ರಚೋದಿತವಾಗಿ, ಮಾನೊಸೈಟುಗಳೆಂಬ ಬಿಳಿಯ ರಕ್ತಕಣಗಳು ಅಲ್ಲಿಗೆ ಬಂದು ನೆಲೆಸಿ, ಕೂದಲೆಳೆಯಂತಿದ್ದ ನಾಳವು ವಾರಗಳು ಕಳೆಯುವಷ್ಟರಲ್ಲಿ ಸ್ನಾಯುಭಿತ್ತಿಯುಳ್ಳ ಧಮನಿಯಾಗಿ ಬೆಳೆಯುತ್ತದೆ. ಹೃದಯದ ನಡುಗೋಡೆಯನ್ನು ಭೇದಿಸುವ ಕಿರುಶಾಖೆಗಳೂ, ಫ್ರಾನ್ಸಿನ ವ್ಯೂಸಾನ್ಸನ ಹೆಸರಿನಿಂದ ಪ್ರಸಿದ್ಧವಾದ ಧಮನೀವಲಯವೂ, ಹೃದಯದ ಹೊರಮೈಯ ಮೇಲೆ ಹರಿಯುವ ಶಾಖೆಗಳೂ ಈ ಸೇತುಬಂಧದ ಮುಖ್ಯ ಮಾರ್ಗಗಳು.

ಆದರೆ ಈ ಭಾಗ್ಯವು ಸರ್ವರಿಗೂ ಸಮನಾಗಿ ದೊರೆತುದಲ್ಲ. ಧಮನಿಯಲ್ಲಿ ಬಲೂನನ್ನು ಉಬ್ಬಿಸಿ ಒಂದು ನಿಮಿಷ ರಕ್ತವನ್ನು ತಡೆದು ನೋಡಿದಾಗ, ಧಮನೀರೋಗವಿಲ್ಲದವರಲ್ಲಿ ಸುಮಾರು ನಾಲ್ವರಲ್ಲೊಬ್ಬರ ಇಸಿಜಿಯಲ್ಲಿ ಮಾತ್ರ ವ್ಯತ್ಯಾಸ ಕಾಣದೆ ಉಳಿಯುತ್ತದೆ. ತಡೆಯು ನಿಧಾನವಾಗಿ ಬೆಳೆದಲ್ಲಿ ನಾಳಗಳಿಗೆ ಸಿದ್ಧವಾಗಲು ಅವಕಾಶವುಂಟು. ಹೆಪ್ಪುಗಟ್ಟಿದ ರಕ್ತವು ಹಠಾತ್ತಾಗಿ ಧಮನಿಯನ್ನು ಮುಚ್ಚಿದಲ್ಲಿ ಆ ಅವಕಾಶವಿಲ್ಲ. ಮೇಲಣ ನದಿಯ ಉಪಮೆಯೂ ಇಲ್ಲಿ ಒಂದು ಮೇರೆಯನ್ನು ಮುಟ್ಟುತ್ತದೆ: ಹಿರಣ್ಯಕೇಶಿ ತನ್ನ ನೀರನ್ನು ತಾನೇ ತರುತ್ತಾಳೆ, ಪಾರ್ಶ್ವನಾಳವಾದರೋ ನೆರೆಯ ಧಮನಿಯಿಂದ ಕಡ ತಂದ ರಕ್ತವನ್ನು ಸಾಗಿಸುತ್ತದೆ. ಕೊಡುವ ಧಮನಿಯೇ ಸಂಕುಚಿತವಾದರೆ ಪಡೆಯುವ ಭಾಗವೂ ಬಳಲುತ್ತದೆ. ಆದುದರಿಂದಲೇ ಪೂರ್ಣವಾಗಿ ಮುಚ್ಚಿದ ಧಮನಿಯುಳ್ಳವನು ಕುಳಿತಿದ್ದಾಗ ಸ್ವಸ್ಥನಂತೆ ಕಂಡರೂ, ಕಬ್ಬಿನ ಹೊರೆ ಹೊತ್ತು ನಾಲ್ಕು ಹೆಜ್ಜೆ ನಡೆದೊಡನೆ ಎದೆ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ.

ಪಾರ್ಶ್ವಪ್ರವಾಹವು ಚೆನ್ನಾಗಿ ಬೆಳೆದವರಲ್ಲಿ ಹೃದಯಾಘಾತದ ಹಾನಿಯೂ ಮರಣದ ಸಂಭವವೂ ಕಡಿಮೆಯೆಂಬುದು ಸಂಶೋಧನೆಗಳಿಂದ ಸಿದ್ಧಪಟ್ಟಿದೆ. ಆದರೆ ಅದು ಕೊಡುವುದು ಕಾಲಾವಕಾಶವನ್ನು. ಚಿಕಿತ್ಸೆಯ ಸ್ಥಾನವನ್ನು ಅದು ತುಂಬಲಾರದು. ರಕ್ತವು ಪೂರ್ತಿ ನಿಂತ ಸ್ನಾಯು ಅರ್ಧಗಂಟೆಯೊಳಗಾಗಿಯೇ ಸಾಯತೊಡಗುತ್ತದೆ. ದೊಡ್ಡ ಆಸ್ಪತ್ರೆಗಳಿರುವ ಬೆಳಗಾವಿಯಾದರೋ ಘಟಪ್ರಭೆಯ ಸೀಮೆಯ ಈ ಊರುಗಳಿಗೆ ಗಂಟೆಯ ಹಾದಿ, ಅಥವಾ ಅದಕ್ಕೂ ಮಿಗಿಲು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಉಚಿತವಾಗಿ ಕೊಡುವ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರವು ಕೈಗೊಂಡಿರುವುದು ಈ ಕಾರಣದಿಂದಲೇ. ಆದುದರಿಂದ ಎದೆ ಬಿಗಿದು ಬೆವರಿಳಿದಾಗ, ವಾಯು ಹಿಡಿದಿದೆಯೆಂದು ಬೆಳಗಿನವರೆಗೆ ಕಾಯದೆ ಆ ಕ್ಷಣವೇ ಸಮೀಪದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಬೇಕೆಂದು ಓದುಗರಲ್ಲಿ ನನ್ನ ವಿಜ್ಞಾಪನೆ.