ಹೊಲಿದ ಕರುಳು ಬಿಗಿದಾಗ

ದೊಡ್ಡ ಕರುಳಿನ ರೋಗಪೀಡಿತ ಭಾಗವನ್ನು ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಜೋಡಿಸಿದ ಜಾಗದಲ್ಲಿ, ಗಾಯ ಮಾಯುತ್ತ ಬಂದಂತೆ ಕೆಲವರಿಗೆ ದಾರಿಯೇ ಬಿಗಿದುಕೊಳ್ಳುತ್ತದೆ. ಜೋಡಣೆ ಸೋರಿದ್ದರೆ, ಅಲ್ಲಿಗೆ ರಕ್ತ ಸಾಲದಿದ್ದರೆ, ವಿಕಿರಣ ಚಿಕಿತ್ಸೆ ಆಗಿದ್ದರೆ ಈ ಭಯ ಹೆಚ್ಚು.

ಕರುಳಿನ ಹೊರಪದರಕ್ಕೆ ಹೊರಪದರ ತಾಗುವಂತೆ ಹೊಲಿದರೆ ಬೇಗ ಕೂಡಿಕೊಳ್ಳುತ್ತದೆಂದು ಪ್ಯಾರಿಸ್ಸಿನ ಆಂತ್ವಾನ್ ಲಾಂಬೇರ್ ತೋರಿಸಿದ್ದು 1826ರಲ್ಲಿ. 1892ರಲ್ಲಿ ಶಿಕಾಗೋದ ಜಾನ್ ಮರ್ಫಿ ಸೂಜಿ-ದಾರದ ಕೆಲಸವನ್ನೇ ತಗ್ಗಿಸುವ ಲೋಹದ ಗುಂಡಿಯೊಂದನ್ನು ಮಾಡಿದ. ಅದರ ಎರಡು ಹೋಳುಗಳನ್ನು ಎರಡು ತುದಿಗಳಲ್ಲಿ ಕೂರಿಸಿ ಒತ್ತಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. ನಡುವೆ ಸಿಕ್ಕಿದ ಅಂಚು ಸತ್ತು, ಸುತ್ತಲಿನದು ಕೂಡಿಕೊಂಡ ಮೇಲೆ ಗುಂಡಿ ಮಲದ ಜೊತೆ ಹೊರಬೀಳುತ್ತಿತ್ತು. ದಾರದ ಬದಲು ಲೋಹದ ಪಿನ್ನು ಹಾಕಿ ಹೊಲಿಯುವ ಸ್ಟೇಪ್ಲರ್ ಹುಟ್ಟಿದ್ದು 1908ರ ಬುಡಾಪೆಸ್ಟ್‌ನಲ್ಲಿ. ಪಳಗಿದ್ದು ಸೋವಿಯತ್ ಒಕ್ಕೂಟದಲ್ಲಿ. 1958ರಲ್ಲಿ ಅಲ್ಲಿಗೆ ಹೋಗಿದ್ದ ಶಸ್ತ್ರವೈದ್ಯ ಮಾರ್ಕ್ ರಾವಿಚ್ ಅದನ್ನು ಅಮೆರಿಕಕ್ಕೆ ತಂದ. 1970ರ ದಶಕದ ಕೊನೆಗೆ ವೃತ್ತಾಕಾರದ ಸ್ಟೇಪ್ಲರ್ ಬಂದು, ಗುದದ್ವಾರಕ್ಕೆ ತೀರ ಹತ್ತಿರವೂ ಕರುಳನ್ನು ಕೂಡಿಸುವುದು ಸುಲಭವಾಯಿತು. ಆದರೆ ಕೈಹೊಲಿಗೆಗಿಂತ ಸ್ಟೇಪಲ್ ಉಂಗುರದ ಬಳಿ ಬಿಗಿತ ಹೆಚ್ಚು. ಅನುಕೂಲದ ಬೆನ್ನಿಗೇ ಬಂದ ತೊಡಕು ಇದು.

ಕೆಳಗಿನ ಬಿಗಿತವನ್ನು ಬೆರಳಿನಿಂದಲೋ, ಗರ್ಭಕೊರಳಿಗೆಂದು ಜರ್ಮನಿಯ ಹೇಗರ್ ಮಾಡಿದ್ದ ಲೋಹದ ಕಡ್ಡಿಗಳಿಂದಲೋ ಹಿಗ್ಗಿಸುತ್ತಿದ್ದರು. ಬೆರಳೂ ಕಡ್ಡಿಯೂ ಮುಟ್ಟದ ಎತ್ತರದಲ್ಲಿದ್ದರೆ ಮತ್ತೆ ಹೊಟ್ಟೆ ಕೊಯ್ಯಬೇಕಿತ್ತು. ಅದನ್ನು ತಪ್ಪಿಸಿದ ಎರಡು ಸಾಧನಗಳೂ ಬೇರೆ ಅಂಗಗಳಿಂದ ಎರವಲು ಬಂದವು. ವೈದ್ಯ ಹಿರ್ಷೊವಿಟ್ಸ್ 1957ರಲ್ಲಿ ಹೊಟ್ಟೆ ನೋಡಲು ಬಳಸಿದ ಬಾಗುವ ಗಾಜಿನೆಳೆಯ ಕೊಳವೆ ಮುಂದೆ ಕೊಲೊನೋಸ್ಕೋಪ್ ಆಗಿ ದೊಡ್ಡ ಕರುಳಿಗೂ ಇಳಿಯಿತು. 1969ರಲ್ಲಿ ನ್ಯೂಯಾರ್ಕಿನ ವೂಲ್ಫ್ ಮತ್ತು ಶಿನ್ಯಾ ಅದರ ಮೂಲಕವೇ ಕರುಳಿನ ಗಂಟು (ಪಾಲಿಪ್) ತೆಗೆದರು. ಬಲೂನು ಬಂದದ್ದು ರಕ್ತನಾಳದಿಂದ: ವೈದ್ಯ ಗ್ರುಂಟ್ಸಿಗ್ ಅದರಿಂದ 1974ರಲ್ಲಿ ಕಾಲಿನ, 1977ರಲ್ಲಿ ಹೃದಯದ ನಾಳವನ್ನು ಹಿಗ್ಗಿಸಿದ್ದ.

1980ರ ದಶಕದಿಂದ ಇವೆರಡೂ ಕರುಳಿನಲ್ಲಿ ಒಂದಾದವು. ಕ್ಯಾನ್ಸರ್‌ಗೆಂದು ಕರುಳು ಕತ್ತರಿಸಿದ್ದರೆ ಅದು ಮರುಕಳಿಸಿಲ್ಲವೆಂದು ಖಾತ್ರಿಯಾದ ಮೇಲೆ, ಕೊಲೊನೋಸ್ಕೋಪಿನ ಒಳದಾರಿಯಲ್ಲಿ ಮಡಚಿದ ಬಲೂನನ್ನು ಬಿಗಿತದ ನಡುವೆ ತೂರಿಸಿ ನೀರು ತುಂಬುತ್ತಾರೆ. ಮೊದಲು ಬಲೂನಿನ ಸೊಂಟ ಹಿಡಿದಂತೆ ಕಾಣುತ್ತದೆ. ಗಾಯದ ನಾರು ಸಡಿಲಿದಂತೆ ಆ ಸೊಂಟ ಮಾಯವಾಗುತ್ತದೆ. ಒಮ್ಮೆಲೇ ಹಿಗ್ಗಿಸಿದರೆ ಕರುಳು ಹರಿದೀತೆಂದು ಸುಮಾರು 20 ಮಿ.ಮೀ.ವರೆಗೆ ಹಂತಹಂತವಾಗಿ ಹೋಗುವುದೇ ರೂಢಿ. ಹಲವರಿಗೆ ಒಂದು ಸಲ ಸಾಲದು. ಹಟಮಾರಿ ಉಂಗುರವನ್ನು ವಿದ್ಯುತ್ ಚಾಕುವಿನಿಂದ ಅಲ್ಲಲ್ಲಿ ಸೀಳುವ ಕ್ರಮವೂ ಇದೆ. ಹೊದಿಕೆಯುಳ್ಳ ಲೋಹದ ಬಲೆಕೊಳವೆ, ಅಂದರೆ ಸ್ಟೆಂಟ್, ದಾರಿಯನ್ನು ತೆರೆದಿಡಬಲ್ಲದು, ಆದರೆ ಜಾರಿಹೋಗುವುದೇ ಅದರ ದೊಡ್ಡ ದೋಷ. ಉದ್ದನೆಯ ಬಿಗಿತಕ್ಕೆ, ಯಾವುದಕ್ಕೂ ಬಗ್ಗದ ಬಿಗಿತಕ್ಕೆ ಈಗಲೂ ಶಸ್ತ್ರಚಿಕಿತ್ಸೆಯೇ ಗತಿ.