ಬೇಸಿಗೆಯ ಬಾಸ್ ಮೀನುಗಾರಿಕೆ

ಬೇಸಿಗೆಯ ಬಾಸ್ ಮೀನುಗಾರಿಕೆ ಎಂಬುದು ಉತ್ತರ ಅಮೆರಿಕದ ಸಿಹಿನೀರಿನ ಸರೋವರ ಹಾಗೂ ಜಲಾಶಯಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಾರ್ಜ್‌ಮೌತ್ ಬಾಸ್ ಮೀನನ್ನು ಗಾಳದಿಂದ ಹಿಡಿಯುವ ಹವ್ಯಾಸವಾಗಿದೆ. ಈ ಅವಧಿಯಲ್ಲಿ ಮೀನು ಎಲ್ಲಿರುತ್ತದೆ ಎಂಬುದನ್ನು ನೀರಿನ ಉಷ್ಣತೆ ಮತ್ತು ನೀರಿನಲ್ಲಿ ಕರಗಿರುವ ಆಮ್ಲಜನಕ ಸೇರಿ ನಿರ್ಧರಿಸುತ್ತವೆ. ಯಾವ ಕೃತಕ ಎರೆಯನ್ನು ಬಳಸಬೇಕೆಂಬುದು ಆನಂತರದ ಪ್ರಶ್ನೆ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಪದ್ಧತಿ ಈ ಹವ್ಯಾಸದಲ್ಲಿ ವ್ಯಾಪಕವಾಗಿದೆ. ಆದರೆ ಹಾಗೆ ಬಿಟ್ಟ ಮೀನು ಸಾಯುವ ಸಂಭವ ಹೆಚ್ಚಿರುವ ಋತುವೂ ಬೇಸಿಗೆಯೇ.

ಮೀನಿನ ಪರಿಚಯ

ಲಾರ್ಜ್‌ಮೌತ್ ಬಾಸ್ ಸೆಂಟ್ರಾರ್ಕಿಡೇ ಕುಟುಂಬದ ಮೈಕ್ರೋಪ್ಟೆರಸ್ ಕುಲಕ್ಕೆ ಸೇರಿದ ಪರಭಕ್ಷಕ ಮೀನು. ಬಾಯಿ ಮುಚ್ಚಿದಾಗ ಮೇಲ್ದವಡೆಯ ತುದಿ ಕಣ್ಣಿನ ಹಿಂಬದಿಯವರೆಗೂ ಚಾಚಿಕೊಂಡಿರುವುದರಿಂದ ಇದಕ್ಕೆ ದೊಡ್ಡಬಾಯಿಯ ಬಾಸ್ ಎಂಬರ್ಥದ ಈ ಹೆಸರು ಬಂದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಮತ್ತು ಮಧ್ಯ ಭಾಗಗಳು, ಕೆನಡಾದ ಆಗ್ನೇಯ ಭಾಗ ಹಾಗೂ ಮೆಕ್ಸಿಕೊದ ಉತ್ತರ ಭಾಗ ಇದರ ಮೂಲ ನೆಲೆ. ಸಣ್ಣ ಮೀನು, ಸಿಹಿನೀರಿನ ಸಿಗಡಿ, ಕಪ್ಪೆ ಮುಂತಾದವು ಇದರ ಆಹಾರ. ಬೆನ್ನಟ್ಟಿ ಹಿಡಿಯುವುದಕ್ಕಿಂತ ಮರೆಯಲ್ಲಿ ನಿಂತು ಎರಗುವುದೇ ಇದರ ಸ್ವಭಾವ.

ಬೇಸಿಗೆಯಲ್ಲಿ ಸರೋವರದ ಸ್ಥಿತಿ

ನೀರು ಅತ್ಯಂತ ಸಾಂದ್ರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿಯಾದಂತೆ ಅದು ಹಗುರವಾಗುತ್ತದೆ. ಆದುದರಿಂದ ಆಳವಾದ ಸರೋವರದಲ್ಲಿ ಬೇಸಿಗೆಯ ಬಿಸಿಲಿಗೆ ಕಾದ ನೀರು ಮೇಲೆಯೇ ತೇಲುತ್ತ ನಿಲ್ಲುತ್ತದೆ, ತಣ್ಣನೆಯ ನೀರು ತಳದಲ್ಲಿ ಉಳಿಯುತ್ತದೆ. ಇವೆರಡರ ನಡುವೆ ಉಷ್ಣತೆ ಥಟ್ಟನೆ ಇಳಿಯುವ ತೆಳುವಾದ ಪದರವನ್ನು ಥರ್ಮೋಕ್ಲೈನ್ ಎನ್ನುತ್ತಾರೆ. ವಿಸ್ಕಾನ್ಸಿನ್ ರಾಜ್ಯದ ಮೆಂಡೋಟ ಸರೋವರವನ್ನು ಅಧ್ಯಯನ ಮಾಡಿದ ಎಡ್ವರ್ಡ್ ಬರ್ಜ್ 1897ರಲ್ಲಿ ಈ ಪದವನ್ನು ಬಳಕೆಗೆ ತಂದರು. ಒಂದು ಮೀಟರ್ ಆಳಕ್ಕೆ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಉಷ್ಣತೆ ಇಳಿಯಬೇಕೆಂಬುದು ಅವರ ಅಳತೆಗೋಲಾಗಿತ್ತು.

ಮೇಲಿನ ಪದರದ ನೀರು ಗಾಳಿಯ ಹೊಡೆತಕ್ಕೆ ಕಲಕಿ ಆಮ್ಲಜನಕವನ್ನು ಪಡೆಯುತ್ತಿರುತ್ತದೆ. ಕೆಳಗಿನ ಪದರಕ್ಕೆ ಆ ಅವಕಾಶವಿಲ್ಲ. ತಳಕ್ಕೆ ಬೀಳುವ ಸತ್ತ ಪಾಚಿ ಮತ್ತು ಎಲೆಗಳನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಅಲ್ಲಿದ್ದ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಪೋಷಕಾಂಶ ಹೆಚ್ಚಿರುವ ಸರೋವರಗಳಲ್ಲಿ ಬೇಸಿಗೆಯ ನಡುಭಾಗಕ್ಕೆ ಕೆಳಪದರದಲ್ಲಿ ಮೀನು ಬದುಕಲಾರದ ಸ್ಥಿತಿ ಉಂಟಾಗುತ್ತದೆ. "ಬಿಸಿಲು ಹೆಚ್ಚಿದರೆ ಮೀನು ತಳಕ್ಕೆ ಇಳಿಯುತ್ತದೆ" ಎಂಬ ಜನಪ್ರಿಯ ನಂಬಿಕೆ ಇಂಥ ಸರೋವರಗಳ ಮಟ್ಟಿಗೆ ಸರಿಯಲ್ಲ. ತಂಪು ಇರುವಲ್ಲಿ ಉಸಿರಿಲ್ಲ. ಉಸಿರು ಇರುವಲ್ಲಿ ತಂಪಿಲ್ಲ. ಹತ್ತು ಮೀಟರ್ ಆಳದ ಸರೋವರದಲ್ಲಿ ಥರ್ಮೋಕ್ಲೈನ್ ಐದು ಮೀಟರ್‌ನಲ್ಲಿದ್ದರೆ, ಗಾಳ ಹಾಕುವವನ ಪಾಲಿಗೆ ಆ ಸರೋವರದ ಆಳ ಐದೇ ಮೀಟರ್. ದೋಣಿಯ ಸೋನಾರ್ ಯಂತ್ರದ ಪರದೆಯ ಮೇಲೆ ಈ ಪದರ ಮಸುಕಾದ ಪಟ್ಟಿಯಂತೆ ಕಾಣಿಸಿಕೊಳ್ಳುವುದುಂಟು. ಯಂತ್ರವಿಲ್ಲದವರು ದಾರಕ್ಕೆ ಕಟ್ಟಿದ ಉಷ್ಣಮಾಪಕದಿಂದಲೂ ಇದನ್ನು ಕಂಡುಕೊಳ್ಳಬಹುದು.

ಬಿಸಿನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಕಡಿಮೆ. ಸಮುದ್ರಮಟ್ಟದ ವಾಯುಒತ್ತಡದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಇದು ಸುಮಾರು 7.6 ಮಿಲಿಗ್ರಾಂಗೆ ಇಳಿಯುತ್ತದೆ. ಇದಲ್ಲದೆ ದಿನದೊಳಗಿನ ಏರಿಳಿತವೂ ಇದೆ. ಜಲಸಸ್ಯ ಮತ್ತು ಪಾಚಿ ಹಗಲಿನಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡುತ್ತವೆ, ರಾತ್ರಿ ತಾವೇ ಅದನ್ನು ಬಳಸುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ತುಸು ಮೊದಲು ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಮುಂಜಾವವೇ ಮೀನು ಹಿಡಿಯಲು ಶ್ರೇಷ್ಠ ಸಮಯವೆಂಬ ಮಾತು ತಿಳಿನೀರಿನ ದಡಗಳಿಗೆ ಒಪ್ಪುತ್ತದೆಯಾದರೂ, ಪಾಚಿ ಕಟ್ಟಿದ ಒಳಕೊಲ್ಲಿಗಳಿಗೆ ಅಷ್ಟಾಗಿ ಒಪ್ಪುವುದಿಲ್ಲ. ಆಮ್ಲಜನಕ ಇನ್ನೂ ಕುಸಿದರೆ ಮೀನುಗಳು ಸಾಮೂಹಿಕವಾಗಿ ಸಾಯುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದಕ್ಕೆ ಆಮ್ಲಜನಕದ ಕೊರತೆಯೇ ಕಾರಣವೆಂದು ಹೇಳಲಾಯಿತು. ಅಲ್ಲಿ ಬೇಸಿಗೆಯ ಜೊತೆಗೆ ಕೊಳಚೆ ನೀರೂ ಸೇರಿಕೊಂಡಿತ್ತು.

ಮೀನು ನಿಲ್ಲುವ ಜಾಗಗಳು

ಬೇಸಿಗೆಯಲ್ಲಿ ಬಾಸ್ ಆಹಾರ ಬಿಡುತ್ತದೆ ಎಂಬುದೂ ತಪ್ಪು ಕಲ್ಪನೆ. ಅದು ಶೀತರಕ್ತದ ಪ್ರಾಣಿ; ನೀರು ಬೆಚ್ಚಗಾದಷ್ಟೂ ಅದರ ಜೀರ್ಣಶಕ್ತಿ ಚುರುಕಾಗುತ್ತದೆ, ಆಹಾರದ ಅಗತ್ಯವೂ ಹೆಚ್ಚುತ್ತದೆ. ಆದರೆ ಮರಿಮೀನುಗಳು ಹೇರಳವಾಗಿರುವ ಈ ಕಾಲದಲ್ಲಿ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಉಳಿದ ವೇಳೆ ಸುಮ್ಮನಿರುತ್ತದೆ.

ಹಗಲಿನಲ್ಲಿ ಕೆಲವು ಮೀನುಗಳು ಆಳವಿಲ್ಲದ ಕಡೆ ನೆರಳನ್ನು ಹುಡುಕುತ್ತವೆ. ನೈದಿಲೆಯ ಎಲೆಗಳ ಅಡಿ, ದೋಣಿಕಟ್ಟೆಯ ಕೆಳಗೆ, ಬಿದ್ದ ಮರದ ಕೊಂಬೆಗಳ ನಡುವೆ ಅವು ಸಿಗುತ್ತವೆ. ಇನ್ನು ಕೆಲವು ಥರ್ಮೋಕ್ಲೈನ್‌ನ ಮೇಲಂಚಿಗೆ ಹೊಂದಿಕೊಂಡ ದಿಬ್ಬ, ಭೂಚಾಚು ಹಾಗೂ ಜಲಾಶಯಗಳಲ್ಲಿ ಮುಳುಗಿದ ಹಳೆಯ ನದಿಪಾತ್ರದ ಅಂಚುಗಳಲ್ಲಿ ಗುಂಪಾಗಿ ನಿಲ್ಲುತ್ತವೆ. ಸತತವಾಗಿ ಗಾಳಿ ಬೀಸುವ ದಡ ಅನೇಕ ವೇಳೆ ಒಳ್ಳೆಯದು. ಅಲೆಗಳು ನೀರನ್ನು ಕಲಕುತ್ತವೆ, ಬೆಳಕನ್ನು ಮುರಿಯುತ್ತವೆ, ಸಣ್ಣ ಮೀನುಗಳ ಆಹಾರವನ್ನು ಅತ್ತ ತಳ್ಳುತ್ತವೆ.

ಕೃತಕ ಎರೆಗಳು

ಎರೆಯ ಬಣ್ಣದ ಬಗ್ಗೆ ನಡೆಯುವಷ್ಟು ಚರ್ಚೆ ಅದರ ಆಳದ ಬಗ್ಗೆ ನಡೆಯುವುದಿಲ್ಲ. ವಾಸ್ತವವಾಗಿ ಬೇಸಿಗೆಯಲ್ಲಿ ಎರೆ ಮೀನಿರುವ ಮಟ್ಟದಲ್ಲಿ ಚಲಿಸುತ್ತಿದೆಯೇ ಎಂಬುದೇ ಮುಖ್ಯ. ತಿಳಿನೀರಿಗೆ ಹಸಿರು, ಕಂದು ಮುಂತಾದ ಸಹಜ ಬಣ್ಣ, ಕಲಕಿದ ನೀರಿಗೆ ಕಪ್ಪು ಅಥವಾ ಕಡುನೀಲಿ ಎಂಬ ಸಾಮಾನ್ಯ ನಿಯಮ ಬಹುತೇಕ ಸಂದರ್ಭಗಳಿಗೆ ಸಾಕು.

ಬೆಳಗು, ಸಂಜೆ ಮತ್ತು ರಾತ್ರಿಯಲ್ಲಿ ನೀರಿನ ಮೇಲೆ ತೇಲುವ ಎರೆಗಳು ಉಪಯುಕ್ತ. ಒಹಾಯೊ ರಾಜ್ಯದ ಅಕ್ರಾನ್ ನಗರದ ಫ್ರೆಡ್ ಆರ್ಬೊಗಾಸ್ಟ್ 1938ರಲ್ಲಿ ಹೊರತಂದ ಜಿಟರ್‌ಬಗ್ ಇವುಗಳಲ್ಲಿ ಪ್ರಸಿದ್ಧವಾದುದು. ಮುಂಭಾಗದ ಅಗಲವಾದ ಲೋಹದ ತಗಡಿನಿಂದಾಗಿ ಇದು ಗಳಗಳ ಸದ್ದು ಮಾಡುತ್ತ ಓಲಾಡುತ್ತ ಬರುತ್ತದೆ. ಕತ್ತಲಲ್ಲಿಯೂ ಮೀನಿಗೆ ಇದರ ಜಾಡು ಸಿಗುತ್ತದೆ. ದಟ್ಟ ಜಲಸಸ್ಯದ ಮೇಲೆ ಟೊಳ್ಳು ಮೈಯ ರಬ್ಬರ್ ಕಪ್ಪೆಯನ್ನು ಎಳೆಯುತ್ತಾರೆ. ಇದರ ಕೊಕ್ಕೆಗಳು ಮೈಗೆ ಅಂಟಿ ಮೇಲ್ಮುಖವಾಗಿರುವುದರಿಂದ ಬಳ್ಳಿಗಳಿಗೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಎರಗಿದೊಡನೆ ಎಳೆಯದೆ, ಅದು ಕಪ್ಪೆಯನ್ನು ಪೂರ್ತಿ ಬಾಯೊಳಗೆ ಸೆಳೆದುಕೊಳ್ಳುವವರೆಗೆ ಕ್ಷಣಕಾಲ ಕಾಯಬೇಕು. ಈ ಬಗೆಯ ಕಪ್ಪೆಯನ್ನು ಭಾರತದಲ್ಲಿ ಕೊರವ ಅಥವಾ ಮರಲ್ ಎಂದು ಕರೆಯುವ ಚನ್ನಾ ಕುಲದ ಮೀನುಗಳಿಗೂ ಬಳಸುತ್ತಾರೆ. ಆದರೆ ಕೊರವ ಮೀನು ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನು ಉಸಿರಾಡಬಲ್ಲುದರಿಂದ, ಆಮ್ಲಜನಕದ ಕುರಿತು ಮೇಲೆ ಹೇಳಿದ ಲೆಕ್ಕಾಚಾರ ಅದಕ್ಕೆ ಅನ್ವಯಿಸುವುದಿಲ್ಲ.

ಹಗಲಿನ ಬಿಸಿಲಿನಲ್ಲಿ ಅತ್ಯಂತ ನೆಚ್ಚಿಕೆಯ ಎರೆಯೆಂದರೆ ಪ್ಲಾಸ್ಟಿಕ್ ಹುಳು. ಅಕ್ರಾನ್‌ನವರೇ ಆದ ನಿಕ್ ಕ್ರೀಮ್ 1949ರಲ್ಲಿ ಮೃದು ಪ್ಲಾಸ್ಟಿಕ್ಕಿನ ಹುಳುವನ್ನು ರೂಪಿಸಿದರು. ದಾರಕ್ಕೆ ಗುಂಡಿನಾಕಾರದ ತೂಕವನ್ನು ಪೋಣಿಸಿ, ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸುವ ಜೋಡಣೆಗೆ ಟೆಕ್ಸಾಸ್ ರಿಗ್ ಎಂದು ಹೆಸರು. ಸಸ್ಯ ಮತ್ತು ಕೊಂಬೆಗಳ ನಡುವೆ ಇದನ್ನು ನಿಧಾನವಾಗಿ ತಳದ ಮೇಲೆ ಎಳೆಯಬಹುದು. ತೂಕವನ್ನು ಕೊಕ್ಕೆಗಿಂತ ಅರ್ಧದಿಂದ ಒಂದು ಮೀಟರ್ ಹಿಂದಕ್ಕೆ ಇಟ್ಟರೆ ಅದು ಕ್ಯಾರೊಲಿನಾ ರಿಗ್. ಬಯಲಾದ ದಿಬ್ಬಗಳಿಗೆ ಇದು ಹೊಂದುತ್ತದೆ.

ಆಳದ ಅಂಚುಗಳಲ್ಲಿ ಗುಂಪುಗೂಡಿದ ಮೀನುಗಳಿಗೆ ಕ್ರ್ಯಾಂಕ್‌ಬೈಟ್ ಎಂಬ ಮುಳುಗು ಎರೆಯನ್ನು ಬಳಸುತ್ತಾರೆ. ಇದರ ಮುಂದಿರುವ ತುಟಿಯಂಥ ಫಲಕ ದೊಡ್ಡದಿದ್ದಷ್ಟೂ ಎರೆ ಆಳಕ್ಕೆ ಇಳಿಯುತ್ತದೆ. ಕಲ್ಲಿಗೋ ಬೊಡ್ಡೆಗೋ ತಾಗಿ ದಿಕ್ಕು ತಪ್ಪಿದ ಕ್ಷಣದಲ್ಲಿಯೇ ಮೀನು ಹೆಚ್ಚಾಗಿ ಎರಗುತ್ತದೆ. ಥರ್ಮೋಕ್ಲೈನ್‌ನ ಕೆಳಗೆ ಓಡುವ ಎರೆ, ಎಷ್ಟೇ ಬೆಲೆಬಾಳುವಂಥದ್ದಾಗಿದ್ದರೂ, ಖಾಲಿ ನೀರಿನಲ್ಲಿ ಓಡುತ್ತಿರುತ್ತದೆ.

ದಾಖಲೆಗಳು

ಲಾರ್ಜ್‌ಮೌತ್ ಬಾಸ್‌ನ ವಿಶ್ವದಾಖಲೆಯನ್ನು ಹಂಚಿಕೊಂಡಿರುವ ಎರಡು ಮೀನುಗಳೂ ಬೇಸಿಗೆಯಲ್ಲಿ ಸಿಕ್ಕವು. 1932ರ ಜೂನ್ 2ರಂದು ಜಾರ್ಜಿಯ ರಾಜ್ಯದಲ್ಲಿ ಒಕ್‌ಮಲ್ಗಿ ನದಿಯ ತಿರುವಿನಿಂದ ಉಂಟಾದ ಮಾಂಟ್‌ಗೊಮರಿ ಸರೋವರದಲ್ಲಿ ಜಾರ್ಜ್ ಪೆರಿ 22 ಪೌಂಡ್ 4 ಔನ್ಸ್ (ಸುಮಾರು 10.09 ಕಿಲೊಗ್ರಾಂ) ತೂಕದ ಮೀನನ್ನು ಕೃತಕ ಎರೆಯಿಂದ ಹಿಡಿದನು. ಅದು ಮಹಾ ಆರ್ಥಿಕ ಕುಸಿತದ ಕಾಲ. ತೂಕ ಮಾಡಿಸಿದ ಮೇಲೆ ಮೀನು ಮನೆಯ ಅಡುಗೆಗೆ ಹೋಯಿತು. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟ ಜೀವಂತ ಬ್ಲೂಗಿಲ್ ಮೀನನ್ನು ಎರೆಯಾಗಿಸಿ ಹಿಡಿದ ಬಾಸ್ ಸುಮಾರು 10.12 ಕಿಲೊಗ್ರಾಂ ತೂಗಿತು. ಹಳೆಯ ದಾಖಲೆಯನ್ನು ಮುರಿಯಲು ಕನಿಷ್ಠ 2 ಔನ್ಸ್ ಅಂತರವಿರಬೇಕೆಂಬ ನಿಯಮದಿಂದಾಗಿ ಎರಡನ್ನೂ ಸಮಾನವೆಂದು ಪರಿಗಣಿಸಲಾಗಿದೆ.

ಹಿಡಿದ ಮೀನಿನ ಬಿಡುಗಡೆ

1970ರ ದಶಕದಲ್ಲಿ ರೇ ಸ್ಕಾಟ್ ನಡೆಸುತ್ತಿದ್ದ ಬಾಸ್ ಪಂದ್ಯಾವಳಿಗಳು ಹಿಡಿದ ಮೀನನ್ನು ಜೀವಂತವಾಗಿ ಬಿಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವು. ಬೇಸಿಗೆಯಲ್ಲಿ ಇದು ಅಂದುಕೊಂಡಷ್ಟು ಸುಲಭವಲ್ಲ. ಗಾಳದಲ್ಲಿ ಹೋರಾಡಿ ದಣಿದ ಮೀನಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ, ಆದರೆ ಬಿಸಿನೀರಿನಲ್ಲಿ ಅದು ಕಡಿಮೆ. ಕಣ್ಣೆದುರಿಗೆ ಈಜಿ ಹೋದ ಮೀನು ಗಂಟೆಗಳ ಅಥವಾ ದಿನಗಳ ನಂತರ ಸಾಯಬಹುದು. ಆದುದರಿಂದ ಗಟ್ಟಿಯಾದ ದಾರದಿಂದ ಮೀನನ್ನು ಬೇಗ ಎಳೆದುಕೊಳ್ಳುವುದು, ಒದ್ದೆ ಕೈಯಿಂದ ಹಿಡಿಯುವುದು, ನೀರಿನಿಂದ ಹೊರಗೆ ಇಡುವ ಅವಧಿಯನ್ನು ಕೆಲವೇ ಸೆಕೆಂಡುಗಳಿಗೆ ಮಿತಗೊಳಿಸುವುದು ಅಗತ್ಯ. ದೋಣಿಯ ತೊಟ್ಟಿಯಲ್ಲಿ ಇಡುವುದಾದರೆ ಅದರ ನೀರಿಗೆ ನಿರಂತರ ಗಾಳಿ ಹಾಯಿಸಬೇಕು. ಹೆಚ್ಚು ಆಳದಿಂದ ಎತ್ತಿದ ಮೀನಿನ ಗಾಳಿಚೀಲ ಉಬ್ಬಿ ಅದು ಮರಳಿ ಮುಳುಗಲಾರದೆ ಹೋಗಬಹುದು.

ಬಾಸ್ ಹೊರಗಿನಿಂದ ಬಂದ ಕೆಲವು ಕಡೆಗಳಲ್ಲಿ ನಿಯಮ ಇದಕ್ಕೆ ವಿರುದ್ಧವಾಗಿದೆ. ಜಪಾನಿಗೆ ಈ ಮೀನನ್ನು 1925ರಲ್ಲಿ ಆಶಿ ಸರೋವರಕ್ಕೆ ತರಲಾಯಿತು. ಅದು ಕ್ರಮೇಣ ದೇಶದಾದ್ಯಂತ ಹರಡಿ ಸ್ಥಳೀಯ ಮೀನುಗಳನ್ನು ತಿನ್ನತೊಡಗಿತು. 2005ರಲ್ಲಿ ಜಾರಿಗೆ ಬಂದ ಕಾನೂನಿನಡಿ ಅದನ್ನು ಆಕ್ರಮಣಕಾರಿ ಅನ್ಯಪ್ರಭೇದವೆಂದು ಪಟ್ಟಿ ಮಾಡಲಾಗಿದೆ. ಬಿವಾ ಸರೋವರವಿರುವ ಷಿಗಾ ಪ್ರಾಂತ್ಯದಲ್ಲಿ ಹಿಡಿದ ಬಾಸ್ ಅಥವಾ ಬ್ಲೂಗಿಲ್ ಅನ್ನು ಮರಳಿ ನೀರಿಗೆ ಬಿಡುವುದು ನಿಷಿದ್ಧ. ಅವನ್ನು ಹಾಕಲು ದಡದಲ್ಲಿ ಸಂಗ್ರಹ ಪೆಟ್ಟಿಗೆಗಳನ್ನು ಇರಿಸಲಾಗಿದೆ.