ತೆರೆದ ರೋಲ್ಸ್ ರಾಯ್ಸಿನ ಗುರುತು ಮತ್ತು ಬೆಲೆ

1904ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಂಧಿಸಿದ ರೋಲ್ಸ್ ಮತ್ತು ರಾಯ್ಸ್ ಎಂಬ ಇಬ್ಬರಿಂದ ಉದಿಸಿದ ಸಂಸ್ಥೆಯು ದ್ವಿತೀಯ ಮಹಾಯುದ್ಧದವರೆಗೂ ಯಂತ್ರಸಹಿತವಾದ ಚಾಸಿಯನ್ನು ಮಾತ್ರ ಮಾರುತ್ತಿದ್ದು, ಅದರ ಮೇಲಣ ಒಡಲನ್ನು ಬಾರ್ಕರ್, ಹೂಪರ್ ಮೊದಲಾದ ಸಾರೋಟು ನಿರ್ಮಾಪಕರು ಗ್ರಾಹಕನ ಅಭಿರುಚಿಗನುಸಾರವಾಗಿ ಕಟ್ಟಿಕೊಡುತ್ತಿದ್ದುದರಿಂದ, ಒಂದನ್ನು ಸಂಪೂರ್ಣವಾಗಿ ಹೋಲುವ ಮತ್ತೊಂದು ಕಾರು ದೊರೆಯುವುದು ವಿರಳವಾಗಿತ್ತು. ಆದುದರಿಂದ ಮಡಿಸುವ ಮೇಲ್ಛಾವಣಿಯ ಹಳೆಯ ಕಾರನ್ನು ಪರೀಕ್ಷಿಸುವವನು, ಶಿಲ್ಪಿ ಚಾರ್ಲ್ಸ್ ಸೈಕ್ಸ್ 1911ರಲ್ಲಿ ರೂಪಿಸಿದ, ರೇಡಿಯೇಟರಿನ ಮೇಲಣ ಸ್ತ್ರೀಮೂರ್ತಿಗೆ ಮರುಳಾಗದೆ, ಚಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಒಡಲು ಕಟ್ಟಿದವರ ಫಲಕ, ಈ ಮೂರನ್ನೂ ಮೂಲ ದಾಖಲೆಯೊಡನೆ ತಾಳೆನೋಡತಕ್ಕದ್ದು. ಮುಚ್ಚಿದ ಒಡಲನ್ನು ಕಳಚಿ ತರುವಾಯ ತೆರೆದ ಒಡಲನ್ನು ಕೂರಿಸಿದ ಉದಾಹರಣೆಗಳು ಹಲವಿರುವುದರಿಂದ, ಆದಿಯಿಂದಲೂ ಅವಿಚ್ಛಿನ್ನವಾಗಿ ಉಳಿದುಬಂದ ಕಾರಿಗೇ ಹೆಚ್ಚಿನ ಬೆಲೆ ಸಲ್ಲುವುದು. ಹೊಸ ಬಣ್ಣದ ಹೊಳಪು ಆ ಗುಣಕ್ಕೆ ಎಂದಿಗೂ ಸಮನಾಗದು.